ಯಾರ್ಕ್‌ಗೆ ಹೋದರೆ ಮೊದಲು ಕೋಟೆ ಹತ್ತಿ

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಹತ್ತಿದರೆ ಹೆಚ್ಚುಕಡಿಮೆ ಎರಡು ಗಂಟೆಯಲ್ಲಿ ಯಾರ್ಕ್. ಟಿಕೆಟ್ ಮುಂಚೆಯೇ ತೆಗೆದಿಡಿ. ಹೊರಡುವ ಹೊತ್ತಿಗೆ ಕೊಂಡರೆ ಜೇಬಿಗೆ ಕತ್ತರಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವವರೇ ಜಾಸ್ತಿ. ನನ್ನನ್ನು ಕೇಳಿದರೆ ಒಂದು ರಾತ್ರಿ ಉಳಿಯಿರಿ. ಟೂರಿಸ್ಟ್ ಗುಂಪುಗಳು ಬರುವ ಮುಂಚೆ, ಅವು ಹೋದ ಮೇಲೆ ನಡೆದಾಡುವ ಸುಖವೇ ಬೇರೆ.

ಸ್ಟೇಷನ್ನಿನಿಂದ ಹೊರಬಂದರೆ ರಸ್ತೆಯಾಚೆಗೇ ಕೋಟೆ ಗೋಡೆ ಕಾಣುತ್ತದೆ. ಸುಮಾರು 3.4 ಕಿಲೋಮೀಟರ್ ಇದೆ, ಮೇಲೆ ನಡೆಯಲು ದುಡ್ಡಿಲ್ಲ. ಬೆಳಿಗ್ಗೆ ತೆರೆದು ಕತ್ತಲಾಗುವಾಗ ಮುಚ್ಚುತ್ತಾರೆ, ಹಿಮಗಟ್ಟಿದ ದಿನ ತೆರೆಯುವುದೇ ಇಲ್ಲ. ಮೆಟ್ಟಿಲು ಕಡಿದು, ದಾರಿ ಕಿರಿದು, ಕೆಲವೆಡೆ ಒಳಬದಿಗೆ ಕಂಬಿಯೂ ಇಲ್ಲ. ಮಕ್ಕಳನ್ನು ನೋಡಲು ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದೊಯ್ಯುವವರು ಇದನ್ನು ಯೋಚಿಸಿ. ಮಂಡಿನೋವಿದ್ದರೆ ಕೆಳಗಿನ ಬೀದಿಗಳೇ ಸಾಕು.

ಸುತ್ತು ಪೂರ್ತಿ ಹಾಕಲೇಬೇಕೆಂದಿಲ್ಲ. ಸ್ಟೇಷನ್ ಎದುರಿನಿಂದ ಲೆಂಡಲ್ ಸೇತುವೆಯತ್ತ ನಡೆದು, ಊಸ್ ನದಿ ದಾಟಿ ಮ್ಯೂಸಿಯಂ ಗಾರ್ಡನ್ಸ್ ಹೊಕ್ಕಿ. ಅಲ್ಲಿ ಮಲ್ಟ್‌ಯಾಂಗ್ಯುಲರ್ ಟವರ್ ಎಂಬ ಬುರುಜಿದೆ, ಹತ್ತಿರ ಹೋಗಿ ನೋಡಿ. ಕೆಳಗೆ ಅಚ್ಚುಕಟ್ಟಾದ ಸಣ್ಣ ಕಲ್ಲುಗಳು, ನಡುವೆ ಕೆಂಪು ಹೆಂಚಿನ ಪಟ್ಟಿ: ಅದು ರೋಮನ್ನರದು. ಅದರ ಮೇಲೆ ದಪ್ಪ ಕಲ್ಲುಗಳು: ಮಧ್ಯಯುಗದವರು ಏರಿಸಿದ್ದು. ಕ್ರಿ.ಶ. 71ರಲ್ಲಿ ರೋಮನ್ ಸೈನ್ಯ ಠಾಣ್ಯ ಹೂಡಿದ ಊರು ಎಂದು ಬೋರ್ಡಿನಲ್ಲಿ ಓದುವುದಕ್ಕಿಂತ ಈ ಒಂದು ಗೋಡೆ ನೋಡಿದರೆ ಸಾಕು.

ಅಲ್ಲಿಂದ ಬೂತಮ್ ಬಾರ್ (ಬಾರ್ ಎಂದರೆ ಇಲ್ಲಿ ಕೋಟೆ ಬಾಗಿಲು, ಗಾಬರಿ ಬೇಡ) ಹತ್ತಿ ಮಾಂಕ್ ಬಾರ್‌ವರೆಗೆ ಹೋಗಿ. ಇಡೀ ಗೋಡೆಯಲ್ಲಿ ಇಷ್ಟು ಚೆಂದದ ಭಾಗ ಇನ್ನೊಂದಿಲ್ಲ. ಒಂದು ಪಕ್ಕ ಮನೆಗಳ ಹಿತ್ತಿಲು, ಮರಗಳು, ಅವುಗಳ ಮೇಲೆ ಯಾರ್ಕ್ ಮಿನ್‌ಸ್ಟರ್ ಚರ್ಚಿನ ಗೋಪುರಗಳು. ಮುಂದೆ ಲೇಯರ್‌ಥಾರ್ಪ್ ಬಳಿ ಗೋಡೆಯೇ ನಿಂತುಹೋಗುತ್ತದೆ. ದಾರಿ ತಪ್ಪಿತೆಂದುಕೊಳ್ಳಬೇಡಿ, ಹಿಂದೆ ಅಲ್ಲಿ ಫಾಸ್ ನದಿಯ ನೀರು, ಜೌಗು ಇದ್ದುದರಿಂದ ಗೋಡೆ ಕಟ್ಟುವ ಅಗತ್ಯವೇ ಇರಲಿಲ್ಲ. ರಸ್ತೆ ಹಿಡಿದು ನಡೆದರೆ ರೆಡ್ ಟವರ್ ಹತ್ತಿರ ಮತ್ತೆ ಸಿಗುತ್ತದೆ. ನಾನಾದರೆ ಮಾಂಕ್ ಬಾರ್‌ನಲ್ಲೇ ಇಳಿದುಬಿಡುತ್ತೇನೆ.

ಮಿನ್‌ಸ್ಟರ್ ಒಳಗೆ ಹೋಗಲು ಟಿಕೆಟ್ ಇದೆ, ಕಡಿಮೆಯದ್ದಲ್ಲ. ಆದರೂ ಪೂರ್ವದ ದೊಡ್ಡ ಕಿಟಕಿಗಾಗಿ ಕೊಡಬಹುದು. ಟೆನಿಸ್ ಅಂಗಳದಷ್ಟು ದೊಡ್ಡದಾದ ಈ ಬಣ್ಣದ ಗಾಜಿನ ಕಿಟಕಿಯನ್ನು ಜಾನ್ ಥಾರ್ನ್‌ಟನ್ 1405ರಿಂದ 1408ರೊಳಗೆ ಮಾಡಿ ಮುಗಿಸಿದ. ಮೇಲೆ ಲೋಕದ ಸೃಷ್ಟಿಯ ಕಥೆ, ಕೆಳಗೆ ಪ್ರಳಯ. ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ದುಡ್ಡು ಉಳಿಸಬೇಕೆಂದರೆ ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ಹೋಗಿ ಕೂರಿ, ಅದಕ್ಕೆ ಟಿಕೆಟ್ ಇಲ್ಲ. ಗಾಯನ ಕೇಳಬಹುದು, ಓಡಾಡಿ ನೋಡುವ ಹಾಗಿಲ್ಲ ಅಷ್ಟೆ. ಗೋಪುರಕ್ಕೆ 275 ಮೆಟ್ಟಿಲು, ಉಸಿರಿದ್ದವರಿಗೆ. ಹೊರಗೆ ಕಾನ್‌ಸ್ಟಂಟೈನ್ ಚಕ್ರವರ್ತಿ ಕಂಚಿನಲ್ಲಿ ಆರಾಮಾಗಿ ಕೂತಿದ್ದಾನೆ. 306ರಲ್ಲಿ ಸೈನಿಕರು ಅವನನ್ನು ಚಕ್ರವರ್ತಿ ಎಂದು ಕೂಗಿದ್ದು ಇದೇ ಊರಿನಲ್ಲಿ.

ಎಲ್ಲರೂ ಫೋಟೋ ಹಾಕುವ ಶ್ಯಾಂಬಲ್ಸ್ ಬೀದಿ ಮಧ್ಯಾಹ್ನ ಬರೀ ನೂಕುನುಗ್ಗಲು, ಹ್ಯಾರಿ ಪಾಟರ್ ಕಥೆಯ ಮಾಯಾದಂಡ ಮಾರುವ ಅಂಗಡಿಗಳ ಮುಂದೆ ಸಾಲು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಹೋದರೆ ಮರದ ಮನೆಗಳು ಮೇಲೆ ಮೇಲೆ ವಾಲಿ ಒಂದಕ್ಕೊಂದು ತಾಗುವಂತಿರುವುದು ಸರಿಯಾಗಿ ಕಾಣುತ್ತದೆ. ಕಟುಕರ ಬೀದಿಯಾಗಿದ್ದಾಗ ಮಾಂಸ ನೇತುಹಾಕುತ್ತಿದ್ದ ಕೊಕ್ಕೆಗಳು ಈಗಲೂ ಕೆಲವು ಅಂಗಡಿಗಳ ಮುಂದಿವೆ. ಕಲ್ಲುಹಾಸು ಏರುಪೇರು, ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಬರಬೇಡಿ.

ಊಟಕ್ಕೆ ಬೀದಿಯ ಹಿಂದಿನ ಮಾರ್ಕೆಟ್‌ನಲ್ಲಿ ಬಿಸಿ ತಿಂಡಿಯ ಅಂಗಡಿಗಳಿವೆ. ಸಸ್ಯಾಹಾರಿಗಳು ಗಮನಿಸಿ: ಯಾರ್ಕ್‌ಷೈರ್ ಪುಡ್ಡಿಂಗ್ ಸಿಹಿಯಲ್ಲ, ಅದರಲ್ಲಿ ಮೊಟ್ಟೆಯಿದೆ. ಏನೂ ತೋಚದಿದ್ದರೆ ಚೀಸ್ ಹಾಕಿದ ಬೇಯಿಸಿದ ಆಲೂಗಡ್ಡೆ.

ಮಳೆ ಹಿಡಿದರೆ ಸ್ಟೇಷನ್ ಹಿಂದಿನ ನ್ಯಾಷನಲ್ ರೈಲ್ವೇ ಮ್ಯೂಸಿಯಂಗೆ ಓಡಿ, ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿ ಇಂಜಿನ್‌ಗಳಲ್ಲೇ ದಾಖಲೆ ಮಾಡಿದ ಮ್ಯಾಲರ್ಡ್ ಅಲ್ಲಿದೆ. ಜಪಾನಿನ ಬುಲೆಟ್ ಟ್ರೈನಿನ ಬೋಗಿಯೊಳಗೆ ಕೂತೂ ನೋಡಬಹುದು. ಮಕ್ಕಳಿದ್ದರೆ ಮಳೆಗೆ ಕಾಯಬೇಡಿ, ಅರ್ಧ ದಿನ ಇದಕ್ಕೇ ಇಡಿ.