ಕತ್ತಿಯ ಮೇಲೆ ಕಡಲು

ಜಪಾನಿನ ಕತ್ತಿ ಅಂದ ಕೂಡಲೇ ಎಲ್ಲರೂ ಅದರ ಹರಿತದ ಬಗ್ಗೆಯೇ ಮಾತಾಡುತ್ತಾರೆ. ನನಗೆ ಆ ಮಾತು ಸಾಕಾಗಿದೆ. ಅದರ ಮೈಮೇಲೆ ಚಿತ್ರ ಇರುತ್ತದೆ, ಮೊದಲು ಅದನ್ನು ನೋಡಬೇಕು ಅಲ್ವಾ? ನನ್ನ ಲೆಕ್ಕದಲ್ಲಿ ತ್ಸುದಾ ಸುಕೆಹಿರೋ ಎಂಬ ಕಮ್ಮಾರ ಅಪ್ಪಟ ಚಿತ್ರಗಾರ. ಬರೆದದ್ದು ಮಾತ್ರ ಉಕ್ಕಿನ ಮೇಲೆ, ಮಣ್ಣಿನಲ್ಲಿ.

ಹುಟ್ಟಿದ್ದು 1637ರಲ್ಲಿ, ತೀರಿಕೊಂಡಿದ್ದು 1682ರಲ್ಲಿ. ಹೆಸರು ಮಾಡಿದ್ದು ಒಸಾಕಾದಲ್ಲಿ. ದೊಡ್ಡ ಯುದ್ಧಗಳು ಮುಗಿದು, ತೊಕುಗಾವಾ ಆಳ್ವಿಕೆಯಲ್ಲಿ ನಾಡು ತಣ್ಣಗಿದ್ದ ಕಾಲ. ಸಮುರಾಯಿಗಳ ಸೊಂಟದಲ್ಲಿ ಕತ್ತಿ ಇತ್ತು, ಒರೆಯಿಂದ ಎಳೆಯುವ ಸಂದರ್ಭ ಕಮ್ಮಿ. ಒಸಾಕಾದಲ್ಲಿ ವ್ಯಾಪಾರಿಗಳ ದುಡ್ಡು ಬೇರೆ. ಹಾಗಾಗಿ ಚೆಂದಕ್ಕೆ ಬೆಲೆ ಬಂತು.

ಕೆಲಸ ಹೀಗೆ. ಜೇಡಿಮಣ್ಣು, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿ ಕತ್ತಿಗೆ ಬಳಿಯುತ್ತಾರೆ, ಬೆನ್ನಿನ ಕಡೆ ದಪ್ಪಗೆ, ಬಾಯಿಯ ಕಡೆ ತೆಳ್ಳಗೆ, ಎರಡೂ ಸೇರುವ ಅಂಚಿನಲ್ಲಿ ಬೇಕಾದ ಗೆರೆ ಮೂಡುವ ಹಾಗೆ. ಆಮೇಲೆ ಕತ್ತಲಲ್ಲಿ ಕುಲುಮೆಗಿಟ್ಟು, ಕಾದ ಉಕ್ಕಿನ ಬಣ್ಣ ನೋಡಿಯೇ ಹದ ತಿಳಿದು ನೀರಿಗೆ ಅದ್ದುತ್ತಾರೆ. ತೆಳು ಮಣ್ಣಿನ ಜಾಗ ಬೇಗ ತಣಿದು ಗಟ್ಟಿಯಾಗುತ್ತದೆ, ಬೆನ್ನು ಮೆತ್ತಗೆ ಉಳಿಯುತ್ತದೆ. ಕತ್ತಿ ಬಾಗುವುದೂ ಆ ಗಳಿಗೆಯಲ್ಲೇ. ಕೆಲವೊಮ್ಮೆ ಸೀಳಿಯೂ ಬಿಡುತ್ತದೆ, ಅಲ್ಲಿಗೆ ಅಷ್ಟು ದಿನದ ಬಡಿತವೆಲ್ಲ ನೀರುಪಾಲು. ಉಳಿದುಕೊಂಡರೂ ಗೆರೆ ಪೂರ್ತಿ ಕಾಣಬೇಕಾದರೆ ಸಾಣೆಯವರ ಕೈಗೆ ಹೋಗಬೇಕು.

ಆ ಗೆರೆಗೆ ಹಮೊನ್ ಅಂತಾರೆ. ಸುಕೆಹಿರೋ ಅದನ್ನೇ ಸಮುದ್ರ ಮಾಡಿದ. ದೊಡ್ಡ ಅಲೆ, ಪಕ್ಕದಲ್ಲಿ ಸಣ್ಣದು, ಮತ್ತೆ ಉಬ್ಬಿ ಬರುವ ಇನ್ನೊಂದು, ಯಾವುದೂ ಅಚ್ಚು ಹೊಡೆದಂತಿಲ್ಲ. ಅಲೆಯುದ್ದಕ್ಕೂ ನಿಯೆ ಅನ್ನುವ ಸಣ್ಣ ಹರಳುಗಳ ಮಿನುಗು. ಈ ಶೈಲಿಯ ಹೆಸರು ತೋರನ್‌ಬಾ. ಆ ಕಾಲದಲ್ಲಿ ನೀರಲ್ಲಿ ತೇಲುವ ಸೇವಂತಿಗೆ ಮೂಡಿಸಿದವರೂ ಇದ್ದರು. ಕೈಚಳಕ ಒಪ್ಪುತ್ತೇನೆ, ಆದರೆ ನನಗೆ ಅದು ಸುಮ್ನೆ ತೋರಿಕೆ ಅನ್ನಿಸುತ್ತದೆ. ಹೂವು ನೋಡಿದ ಕೂಡಲೇ ನೋಡುವುದು ಮುಗಿಯಿತು. ಅಲೆಯಲ್ಲಿ ಹಾಗಿಲ್ಲ, ಕಣ್ಣು ಹರಿಯುತ್ತಲೇ ಇರುತ್ತದೆ.

ನೂರು ವರ್ಷದ ನಂತರ ಸುಯಿಶಿನ್ಶಿ ಮಸಹಿದೆ ಎಂಬ ಕಮ್ಮಾರ ಇದೇ ಅಲೆಗಳನ್ನು ನಕಲು ಮಾಡಿ ಹೆಸರು ಗಳಿಸಿದ. ಆಮೇಲೆ ತಿರುಗಿಬಿದ್ದ. ಇಷ್ಟು ಆಡಂಬರದ ಹದ ಕೊಟ್ಟ ಕತ್ತಿ ಬೇಗ ಮುರಿಯುತ್ತದೆ, ಹಳೆಯವರ ದಾರಿಗೇ ವಾಪಸ್ ಹೋಗೋಣ ಅಂದ. ಹೊಡೆದಾಟಕ್ಕೆ ಹೊರಟವನಿಗೆ ಆ ಮಾತು ಸರಿ. ನಾನಂತೂ ಹೊಡೆದಾಟಕ್ಕೆ ಹೊರಟಿಲ್ಲ.