ಸೀಟಿನಡಿಯ ಆಂಪ್, ಮೂರು ಭಾನುವಾರ ನುಂಗಿದ ಶಿಳ್ಳೆ

ಕಳೆದ ಭಾನುವಾರ ಸಂಜೆ ಮುಂಬೈಯ ಮುಲುಂಡಿನ ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ, ಎಂಜಿನ್ ಓಡುತ್ತಿರುವಾಗಲೇ, ಏಸಿಯೂ ಹೆಡ್‌ಲೈಟೂ ಹಾಕಿರುವಾಗಲೇ, ಕಾರಿನ ಸ್ಪೀಕರುಗಳು ಪೂರ್ತಿ ಮೌನವಾದವು. ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತ ಹೋಗುತ್ತಿದ್ದ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಶಿಳ್ಳೆ ಕೊನೆಗೂ ತೊಲಗಿತು. ಅದು ಎಲ್ಲಿಂದ ಬರುತ್ತಿತ್ತೆಂದು ಗೊತ್ತಾದ ಬಗೆಯನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಸ್ಟೀರಿಂಗಿನ ಗುಂಡಿಗಳೂ ರಿವರ್ಸ್ ಕ್ಯಾಮರಾವೂ ಕಂಪನಿ ಸ್ಟೀರಿಯೋವನ್ನೇ ನೆಚ್ಚಿಕೊಂಡಿರುವುದರಿಂದ ಅದನ್ನು ಕಿತ್ತು ಬೇರೆಯದನ್ನು ಕೂರಿಸುವ ವಿಚಾರವೇ ಇರಲಿಲ್ಲ. ಅದಕ್ಕೆ ಆಂಪ್ಲಿಫೈಯರಿಗೆ (ಆಂಪ್) ನೇರವಾಗಿ ಸಿಗ್ನಲ್ ಕೊಡುವ ಆರ್‌ಸಿಎ ಔಟ್‌ಪುಟ್ ಇಲ್ಲದ ಕಾರಣ ಸ್ಪೀಕರ್ ವೈರುಗಳಿಂದಲೇ ಸಿಗ್ನಲ್ ತೆಗೆದು, ಅದನ್ನು ಆಂಪಿಗೆ ತಕ್ಕಷ್ಟು ತಗ್ಗಿಸುವ ಲೈನ್ ಔಟ್‌ಪುಟ್ ಕನ್ವರ್ಟರಿನ ಮೂಲಕ ಸೀಟಿನಡಿಯ ನಾಲ್ಕು ಚಾನೆಲ್ ಆಂಪಿಗೆ ಕೊಟ್ಟೆ. ಡ್ಯಾಶ್ ಬಿಚ್ಚಿದ್ದು, ಬ್ಯಾಟರಿಯ ಹತ್ತಿರವೇ 40 ಆಂಪಿಯರ್ ಫ್ಯೂಸ್ ಹಾಕಿದ್ದು ಎಲ್ಲರೂ ಮಾಡುವ ಕೆಲಸವೇ ಆದ್ದರಿಂದ ಬಿಡುತ್ತೇನೆ. ಬ್ಯಾಟರಿಯಿಂದ ಆಂಪಿಗೆ ಕರೆಂಟ್ ತರುವ ವೈರಿನ ವಿಷಯವನ್ನು ಮಾತ್ರ ಬಿಡಲಾರೆ. ದಾದರಿನಲ್ಲಿ ರೈಲು ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ‘ಪೂರ್ತಿ ತಾಮ್ರ’ ಎಂಬ ಮಾತು ಕೇಳಿ ಕೊಂಡ 8 ಗೇಜ್ ವೈರಿನ ಎಳೆಯೊಂದನ್ನು ಮನೆಗೆ ಬಂದು ಬ್ಲೇಡಿನಿಂದ ಕೆರೆದರೆ, ಕೆಂಪು ಪದರದ ಕೆಳಗೆ ಬೆಳ್ಳಗಿನ ಅಲ್ಯುಮಿನಿಯಂ ಹೊಳೆಯಿತು. ಇಂಥ ವೈರಿನ ರೋಧ ಅದೇ ದಪ್ಪದ ತಾಮ್ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು. ಮರಳಿ ಒಯ್ದಾಗ ಅಂಗಡಿಯವರು ‘ಎಲ್ಲರೂ ಇದನ್ನೇ ಒಯ್ಯುತ್ತಾರೆ’ ಎಂದರು. ಹಣ ಕೊಟ್ಟವನಿಗೆ ಹೇಳಿದ ಮಾಲು ಸಿಗಬೇಕು. ಇದರಲ್ಲಿ ವಾದಿಸುವಂಥದ್ದೇನೂ ಇಲ್ಲ. ಬೇರೆ ಅಂಗಡಿಯಲ್ಲಿ, ಕೆರೆದು ನೋಡಿದ ಮೇಲೆಯೇ, ಹೊಸದನ್ನು ಕೊಂಡೆ.

ತಾಮ್ರದ ವೈರು ಬಂದರೂ ಶಿಳ್ಳೆ ಹೋಗಲಿಲ್ಲ. ಎಲ್ಲರಂತೆ ನಾನೂ ಗ್ರೌಂಡನ್ನೇ, ಅಂದರೆ ಆಂಪಿನ ಮೈನಸ್ ವೈರು ಕಾರಿನ ಲೋಹದ ಮೈಗೆ ಸೇರುವ ಜಾಗವನ್ನೇ, ಅನುಮಾನಿಸಿ, ಸೀಟಿನ ಬಳಿಯ ಬೋಲ್ಟಿನ ಸುತ್ತ ಬಣ್ಣವನ್ನು ಲೋಹ ಮಿನುಗುವವರೆಗೆ ಉಜ್ಜಿ, ವೈರಿನ ತುದಿಯ ಲಗ್ಗನ್ನು ಮತ್ತೆ ಬಿಗಿದೆ. ಇಲ್ಲಿ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ರೋಧ ಅಳೆದರೆ ಪ್ರಯೋಜನವಿಲ್ಲ, ಏಕೆಂದರೆ ಅದರ ವೈರುಗಳ ರೋಧವೇ ನಾವು ಹುಡುಕುವ ರೋಧಕ್ಕಿಂತ ಹೆಚ್ಚು. ಹಾಡು ಜೋರಾಗಿ ಇಟ್ಟು, ಆಂಪಿನ ಗ್ರೌಂಡಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ವೋಲ್ಟೇಜ್ ನೋಡಬೇಕು. ನನಗೆ ಸಿಕ್ಕಿದ್ದು 30 ಮಿಲಿವೋಲ್ಟ್. ಗ್ರೌಂಡ್ ಚೆನ್ನಾಗಿಯೇ ಇತ್ತು, ಶಿಳ್ಳೆಯೂ ಚೆನ್ನಾಗಿಯೇ ಇತ್ತು.

ಮೇಲ್ಮಹಡಿಯ ರಾಯರು, ಗದಗಿನವರು, ಮೂರೂ ಭಾನುವಾರ ಚಾಲಕನ ಸೀಟಿನಲ್ಲಿ ಕುಳಿತು ನಾನು ಹೇಳಿದಾಗಲೆಲ್ಲ ಆಕ್ಸಿಲರೇಟರ್ ಒತ್ತಿದರು. ‘ತಮ್ಮಾ, ವಾಲ್ಯೂಮ್ ಸೊನ್ನೆ ಮಾಡಿದ್ರೂ ಅಷ್ಟ ಕೂಗಾಕತ್ತೈತಲ್ಲೋ’ ಎಂದು ಅವರು ಹೇಳಿದ ಮಾತೇ ದಾರಿ ತೋರಿಸಿತು. ವಾಲ್ಯೂಮಿನೊಂದಿಗೆ ಏರಿಳಿಯದ ಸದ್ದು ಸ್ಟೀರಿಯೋ ದಾಟಿದ ಮೇಲೆ ಸೇರಿಕೊಂಡದ್ದಾಗಿರಬೇಕು. ಆಂಪಿನಿಂದ ಆರ್‌ಸಿಎ ಕಿತ್ತು, ಒಳಗಿನ ಪಿನ್ನನ್ನೂ ಹೊರ ಬಳೆಯನ್ನೂ ಬೆಸೆದ ಖಾಲಿ ಪ್ಲಗ್ಗುಗಳನ್ನು ಚುಚ್ಚಿದೆ: ಮೌನ. ಮೊಬೈಲನ್ನು ನೇರವಾಗಿ ಆಂಪಿಗೆ ಜೋಡಿಸಿದೆ: ಹಾಡು ಮಾತ್ರ, ಶಿಳ್ಳೆ ಇಲ್ಲ. ಹಾಗಾದರೆ ಉಳಿದದ್ದು ಡ್ಯಾಶಿನ ಹಿಂದೆ ಕೂತಿದ್ದ ಕನ್ವರ್ಟರ್ ಒಂದೇ.

ಅದರ ಗ್ರೌಂಡನ್ನು ನಾನು ಡ್ಯಾಶಿನ ಕಬ್ಬಿಣದ ಪಟ್ಟಿಗೆ ಕೊಟ್ಟಿದ್ದೆ, ಆಂಪಿನದನ್ನು ಸೀಟಿನ ಬಳಿ. ಎರಡರ ನಡುವೆ ಮೀಟರ್ ಹಿಡಿದರೆ ಎಂಜಿನ್ ನಿಂತಾಗ ಬಹುತೇಕ ಸೊನ್ನೆ. ಎಂಜಿನ್, ಏಸಿ, ಹೆಡ್‌ಲೈಟ್ ಮೂರೂ ಇದ್ದಾಗ 70 ಮಿಲಿವೋಲ್ಟ್. ಈ ವ್ಯತ್ಯಾಸದಿಂದ ಆರ್‌ಸಿಎ ಕೇಬಲಿನ ಹೊರ ಜಾಲರಿಯ ಮೂಲಕ ಕರೆಂಟ್ ಹರಿದು, ಶಿಳ್ಳೆಯಾಗಿ ಸಿಗ್ನಲಿನ ಜೊತೆ ಆಂಪಿಗೆ ನುಗ್ಗುತ್ತಿತ್ತು. ಈ ಹರಿವನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ ಮುಗಿಸು ಎಂದು ಹಲವರು ಹೇಳಿದ್ದರು. ಅಗ್ಗದ ಐಸೊಲೇಟರಿನ ಪುಟ್ಟ ಟ್ರಾನ್ಸ್‌ಫಾರ್ಮರು ತಗ್ಗಿನ ನಾದವನ್ನು ತಿಂದುಹಾಕುತ್ತದೆ. ನಾನು ಆಂಪ್ ಹಾಕಿದ್ದೇ ಮದ್ದಳೆಯ ನಾದ ತುಂಬಿ ಕೇಳಲೆಂದು.

ಅಪ್ಪ ಊರಿನಲ್ಲಿ ರೆಕಾರ್ಡ್ ಮಾಡಿದ ತಾಳಮದ್ದಳೆಯ ಕ್ಯಾಸೆಟ್ಟುಗಳು ಒಂದು ಪೆಟ್ಟಿಗೆ ಇವೆ, ಅವನ್ನು ಡಿಜಿಟಲ್ ಮಾಡುವುದೇ ಮುಂದಿನ ಕೆಲಸ. ಪ್ರತಿ ಕ್ಯಾಸೆಟ್ಟಿಗೂ ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡಿನ ಓರೆಯನ್ನು ಸ್ಕ್ರೂ ತಿರುಗಿಸಿ ಹೊಂದಿಸದಿದ್ದರೆ ತಾಳದ ‘ಟಿಣ್’ ಮಂಕಾಗುತ್ತದೆ. ಅದಕ್ಕಾಗಿ ಹಳೆಯ ಡೆಕ್ಕೊಂದನ್ನು ಈಗಾಗಲೇ ಬಿಚ್ಚಿಟ್ಟಿದ್ದೇನೆ.

ಕಾರಿಗೆ ಮರಳುತ್ತೇನೆ. ಕಂಪನಿ ಸ್ಟೀರಿಯೋದಿಂದ ಪ್ರತಿ ಸ್ಪೀಕರಿಗೂ ಹೋಗುವ ಎರಡು ವೈರುಗಳಲ್ಲಿ ಯಾವುದೂ ಗ್ರೌಂಡ್ ಅಲ್ಲ. ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು, ಸುಮಾರು 6 ವೋಲ್ಟ್, ನಿಂತಿರುತ್ತದೆ. ಆದ್ದರಿಂದ ಮೈನಸ್ ಎಂದು ಬರೆದದ್ದನ್ನು ಕಾರಿನ ಲೋಹದ ಮೈಗೆ ತಾಗಿಸಲೇಬಾರದು. ನನ್ನ ಕನ್ವರ್ಟರು ಆ ಎರಡು ವೈರುಗಳ ವ್ಯತ್ಯಾಸವನ್ನಷ್ಟೇ ಓದುವಂಥದ್ದು, ಎರಡಕ್ಕೂ ಸಮನಾಗಿ ಅಂಟಿದ ಗದ್ದಲ ಅಲ್ಲೇ ಕಳೆದುಹೋಗುತ್ತದೆ. ಹಾಗಾದರೆ ದೂರ ಸಾಗಬೇಕಾದದ್ದು ಸ್ಪೀಕರ್ ವೈರು, ಆರ್‌ಸಿಎ ಅಲ್ಲ. ಹೊಸ ವೈರುಗಳ ಒಂದು ತುದಿಯನ್ನು ಗೇಟಿನ ಸರಳಿಗೆ ಕಟ್ಟಿ, ಇನ್ನೊಂದನ್ನು ಡ್ರಿಲ್ಲಿನ ಬಾಯಿಗೆ ಸಿಕ್ಕಿಸಿ, ಜಡೆಯಂತೆ ಹೊಸೆದು, ಬಾಗಿಲಿನ ಹೊಸ್ತಿಲ ಕೆಳಗೆ ಎಳೆದೆ. ಕನ್ವರ್ಟರನ್ನು ಆಂಪಿನ ಪಕ್ಕಕ್ಕೆ ತಂದು, ಎರಡರ ಗ್ರೌಂಡನ್ನೂ ಒಂದೇ ಬೋಲ್ಟಿಗೆ ಬಿಗಿದೆ. ಐದು ಮೀಟರ್ ಇದ್ದ ಆರ್‌ಸಿಎ ಈಗ ಒಂದು ಗೇಣು.

ರಾಯರು ಆಕ್ಸಿಲರೇಟರನ್ನು ಮೂರು ಸಲ ಒತ್ತಿ, ಕಿವಿಯನ್ನು ಬಾಗಿಲಿನ ಸ್ಪೀಕರಿಗೆ ಹಚ್ಚಿ, ‘ಹೋತು’ ಎಂದರು. ಮಳೆಗಾಲದಲ್ಲಿ ಒದ್ದೆ ಮ್ಯಾಟಿನ ನೀರು ತಾಗದಿರಲೆಂದು ಆಂಪ್ ಮತ್ತು ಕನ್ವರ್ಟರ್ ಎರಡನ್ನೂ ಬೆರಳು ದಪ್ಪದ ಹಲಗೆಯ ಮೇಲೆ ಏರಿಸಿ, ಸ್ಕ್ರೂ ಹಾಕಿ ಸೀಟನ್ನು ಹಿಂದಕ್ಕೆ ತಳ್ಳಿದೆ.