ಇಬಿಆರ್-2ರ ಪಂಪು ನಿಂತಾಗ: ಗಣಕ ಮಾದರಿಯ ಈವರೆಗಿನ ಪ್ರಗತಿ

1986ರ ಏಪ್ರಿಲ್ 3ರಂದು ಅಮೆರಿಕದ ಐಡಾಹೊದಲ್ಲಿದ್ದ ಇಬಿಆರ್-2 ವೇಗದ ರಿಯಾಕ್ಟರ್ (ವೇಗದ ನ್ಯೂಟ್ರಾನ್‌ಗಳಿಂದ ನಡೆಯುವ ಪರಮಾಣು ಸ್ಥಾವರ) ಪೂರ್ಣ ಸಾಮರ್ಥ್ಯದಲ್ಲಿ ನಡೆಯುತ್ತಿದ್ದಾಗಲೇ ಅದನ್ನು ತಂಪಾಗಿಡುವ ದ್ರವ ಸೋಡಿಯಂನ ಪಂಪುಗಳನ್ನು ನಿಲ್ಲಿಸಲಾಯಿತು. ತುರ್ತು ಸ್ಥಗಿತ ವ್ಯವಸ್ಥೆಯನ್ನು ಬೇಕೆಂದೇ ತಡೆಹಿಡಿದಿದ್ದರೂ ಶಕ್ತಿ ತಾನಾಗಿಯೇ ಇಳಿಯಿತು. ಆ ಇಳಿತವನ್ನು ಪೈಥಾನ್‌ನಲ್ಲಿ ಮರುಸೃಷ್ಟಿಸುವುದು ನನ್ನ ಹವ್ಯಾಸದ ಯೋಜನೆ.

ನ್ಯೂಟ್ರಾನ್ ಭಾಗಕ್ಕೆ ಇಡೀ ಗರ್ಭವನ್ನು ಒಂದೇ ಬಿಂದುವೆಂದು ಹಿಡಿಯುವ ಬಿಂದು ಚಲನ ಸಮೀಕರಣಗಳು ಸಾಕಾದವು; ವಿದಳನದ ನಂತರ ತಡವಾಗಿ ಹೊರಬರುವ ವಿಳಂಬಿತ ನ್ಯೂಟ್ರಾನ್‌ಗಳನ್ನು ಅವುಗಳಲ್ಲಿ ಆರು ಗುಂಪುಗಳಾಗಿ ಹಿಡಿದಿದ್ದೇನೆ. ಇಲ್ಲಿ ತಕ್ಷಣದ ನ್ಯೂಟ್ರಾನ್‌ಗಳ ಆಯುಷ್ಯ ಸೆಕೆಂಡಿನ ಕೋಟಿಯ ಒಂದು ಭಾಗದ ಆಸುಪಾಸಿನಲ್ಲಿದ್ದರೆ, ಅತಿ ನಿಧಾನದ ವಿಳಂಬಿತ ಗುಂಪಿನ ಅರ್ಧಾಯುಷ್ಯ ಸುಮಾರು 55 ಸೆಕೆಂಡು. ಕಾಲಮಾನಗಳ ಈ ಭಾರಿ ಅಂತರ ಗಣನೆಗೆ ತೊಡಕು. ರಿಯಾಕ್ಟಿವಿಟಿ (ಸರಪಳಿ ಕ್ರಿಯೆ ಸಮಸ್ಥಿತಿಯಿಂದ ಎಷ್ಟು ಸರಿದಿದೆ ಎಂಬ ಅಳತೆ) ಒಂದು ಡಾಲರ್‌ಗಿಂತ (ತಕ್ಷಣದ ನ್ಯೂಟ್ರಾನ್‌ಗಳಿಂದಲೇ ಕ್ರಿಯೆ ಮುಂದುವರಿಯುವ ಮಟ್ಟ) ಬಹಳ ಕೆಳಗೇ ಉಳಿಯುವುದರಿಂದ, ತಕ್ಷಣದ ನ್ಯೂಟ್ರಾನ್‌ಗಳು ಆಯಾ ಕ್ಷಣಕ್ಕೆ ಹೊಂದಿಕೊಂಡುಬಿಡುತ್ತವೆ ಎಂದು ಹಿಡಿದು ಆ ತೊಡಕನ್ನು ನಿವಾರಿಸಿದ್ದೇನೆ.

ನಿಜವಾದ ಕೆಲಸವಿರುವುದು ಉಷ್ಣ ಹಿಗ್ಗುವಿಕೆಯಲ್ಲಿ: ಬಿಸಿಯಾದ ಭಾಗಗಳು ಹಿಗ್ಗಿದಾಗ ಹೆಚ್ಚು ನ್ಯೂಟ್ರಾನ್‌ಗಳು ಸೋರಿಹೋಗಿ ಶಕ್ತಿ ಇಳಿಯುತ್ತದೆ. ಸುಮಾರು 371 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಬರುವ ಸೋಡಿಯಂ ದೊಡ್ಡ ತೊಟ್ಟಿಯಿಂದ ಬರುವುದರಿಂದ ಅದರ ತಾಪ ಬೇಗ ಬದಲಾಗುವುದಿಲ್ಲ. ಹಾಗಾಗಿ ಇಂಧನ ಜೋಡಣೆಗಳನ್ನು ಹೊತ್ತಿರುವ ಕೆಳಗಿನ ಫಲಕ ಮೊದಲ ನಿಮಿಷಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಬಿಸಿ ಮೊದಲು ತಟ್ಟುವುದು ಹೊರಹರಿವಿನ ಬದಿಯ ಉಕ್ಕಿನ ಭಾಗಗಳಿಗೆ. ಅದೇ ದಿನ ಮಧ್ಯಾಹ್ನದ ಎರಡನೆಯ ಪ್ರಯೋಗದಲ್ಲಿ ಪಂಪುಗಳನ್ನು ಓಡಲು ಬಿಟ್ಟು, ಶಾಖ ಹೊರಹೋಗುವ ದಾರಿಯನ್ನು ಮುಚ್ಚಲಾಗಿತ್ತು. ಅಲ್ಲಿ ಒಳಹರಿವೇ ಬಿಸಿಯಾಗಿ ಫಲಕ ಹಿಗ್ಗುತ್ತದೆ. ಆದ್ದರಿಂದ ಫಲಕಕ್ಕೂ ಹೊರಹರಿವಿನ ಬದಿಯ ಭಾಗಗಳಿಗೂ ಪ್ರತ್ಯೇಕ ಕಾಲಸ್ಥಿರಾಂಕ (ತಾಪಕ್ಕೆ ಎಷ್ಟು ಬೇಗ ಸ್ಪಂದಿಸುತ್ತವೆ ಎಂಬ ಅಳತೆ) ಕೊಟ್ಟಿದ್ದೇನೆ. ಇವನ್ನು ಒಂದೇ ಗುಣಾಂಕದಲ್ಲಿ ಬೆರೆಸುವ ಸರಳ ಮಾದರಿಗಳ ಮೇಲೆ ನನಗೆ ನಂಬಿಕೆಯಿಲ್ಲ.

ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಲೋಹ ಇಂಧನದ ಬದಲು ಆಕ್ಸೈಡ್ ಇಂಧನ ಹಾಕಿದಾಗ ಅತಿ ಕುತೂಹಲದ ಫಲಿತಾಂಶ ಸಿಕ್ಕಿತು. ಆಕ್ಸೈಡ್ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ಅದರ ನಡುಭಾಗ 2000 ಡಿಗ್ರಿ ದಾಟುವುದುಂಟು. ಶಕ್ತಿ ಇಳಿದಂತೆ ಅಷ್ಟು ಬಿಸಿಯಾದ ಇಂಧನ ತಣಿಯುತ್ತದೆ, ಡಾಪ್ಲರ್ ಪರಿಣಾಮ (ಇಂಧನ ಬಿಸಿಯಾದಷ್ಟೂ ಹೆಚ್ಚು ನ್ಯೂಟ್ರಾನ್‌ಗಳನ್ನು ವಿದಳನವಿಲ್ಲದೆ ಹೀರಿಕೊಳ್ಳುವುದು) ಕುಗ್ಗಿ ಧನ ರಿಯಾಕ್ಟಿವಿಟಿಯನ್ನು ಹಿಂದಿರುಗಿಸುತ್ತದೆ, ಅದನ್ನು ಸರಿದೂಗಿಸಲು ಸೋಡಿಯಂ ಇನ್ನಷ್ಟು ಕಾಯಬೇಕಾಗುತ್ತದೆ. ಸುರಕ್ಷತೆಯ ಆಸರೆ ಎನಿಸಿಕೊಂಡ ಡಾಪ್ಲರ್ ಇಲ್ಲಿ ಸೋಡಿಯಂ ಅನ್ನು ಅದರ 883 ಡಿಗ್ರಿಯ ಕುದಿಬಿಂದುವಿನತ್ತ ತಳ್ಳುತ್ತದೆ. ಸೋಡಿಯಂ ಬೆಸೆದ (ಕವಚದೊಂದಿಗಿನ ಸಂದಿಯಲ್ಲಿ ಸೋಡಿಯಂ ತುಂಬಿದ) ಲೋಹ ಇಂಧನ ಅಷ್ಟು ಬಿಸಿಯಾಗಿರುವುದಿಲ್ಲವಾದ್ದರಿಂದ ಅದರಲ್ಲಿ ಮರಳಿ ಕೊಡಬೇಕಾದ ಈ ಸಾಲವೇ ಚಿಕ್ಕದು.

ಇಂಧನ ಸರಳುಗಳ ಬಾಗುವಿಕೆ ಇನ್ನೂ ಮಾದರಿಗೆ ಸೇರಿಲ್ಲ. 1955ರ ನವೆಂಬರ್‌ನಲ್ಲಿ ಇದಕ್ಕಿಂತ ಹಿಂದಿನ ಇಬಿಆರ್-1 ರಿಯಾಕ್ಟರ್‌ನ ಗರ್ಭ ಭಾಗಶಃ ಕರಗಿದಾಗ, ಸರಳುಗಳು ಒಳಮುಖವಾಗಿ ಬಾಗಿದ್ದು ಧನ ರಿಯಾಕ್ಟಿವಿಟಿಯ ಮೂಲವೆಂದು ಆಮೇಲೆ ಗುರುತಿಸಲಾಯಿತು. ಹಾಗಾಗಿ ಮುಂದಿನ ಹಂತದಲ್ಲಿ ಜೋಡಣೆಗಳ ಎರಡು ಬದಿಗಳ ತಾಪವ್ಯತ್ಯಾಸವನ್ನು ಮಾದರಿಯಲ್ಲಿ ಪ್ರತ್ಯೇಕ ಚರಾಂಶವಾಗಿ ಸೇರಿಸಲಿದ್ದೇನೆ.